ಹವಳದಂಚಿನ ಲೋಳೆಸರ

ನಮ್ಮ ಮನೆಯ ಮಹಡಿ ಹತ್ತಿ ಬಂದವರು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. “ಇದನ್ನ ತಲೆಗೆ ಹಚ್ಚಬಹುದಾ?” ಹಚ್ಚಬಾರದು ಎಂದರೆ ಎರಡನೆಯದು ಬರುತ್ತದೆ. “ಮಜ್ಜಿಗೆಗೆ ಹಾಕಿ ಕುಡಿದ್ರೆ ಮೈ ಉಷ್ಣ ಇಳಿಯುತ್ತಾ?” ಅದೂ ಇಲ್ಲ ಎಂದರೆ, ಹಾಲು ಕೊಡದ ಹಸುವನ್ನು ಸಾಕಿಕೊಂಡವಳನ್ನು ನೋಡುವ ಹಾಗೆ ನನ್ನನ್ನು ನೋಡಿ, “ಹಾಗಾದ್ರೆ ಸುಮ್ನೆ ನೋಡಕ್ಕಾ?” ಎನ್ನುತ್ತಾರೆ. ಹೌದು, ಸುಮ್ಮನೆ ನೋಡುವುದಕ್ಕೆ. ಲೋಳೆಸರದಲ್ಲಿ ನೂರಾರು ಜಾತಿಗಳಿವೆ, ನೀವು ಮುಖಕ್ಕೆ ಬಳಿದುಕೊಳ್ಳುವುದು ಅದರಲ್ಲಿ ಒಂದು ಮಾತ್ರ, ಮಿಕ್ಕವನ್ನು ದೇವರು ಕಣ್ಣಿಗಾಗಿಯೇ ಮಾಡಿದ್ದಾನೆ ಎಂದು ನಾನು ಭಾಷಣ ಶುರು ಮಾಡುವಷ್ಟರಲ್ಲಿ ಅವರು ಕಾಫಿಗೆ ಕೆಳಗಿಳಿದಿರುತ್ತಾರೆ.

ನೀವು ಹಾಗೆ ಇಳಿದುಹೋಗುವವರಲ್ಲ ಎಂಬ ನಂಬಿಕೆಯಿಂದ ಹೇಳುತ್ತಿದ್ದೇನೆ.

ನಾನು ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹುಟ್ಟಿದವಳು. ಕೊಯಮತ್ತೂರಿನ ಸಿಂಗಾನಲ್ಲೂರಿಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷವಾಯಿತು. ಇಲ್ಲಿಯ ನೆಂಟರು ಮನೆಯಲ್ಲಿ ಆಡುವುದು ತಮಿಳು ಬೆರೆತ ಕನ್ನಡ, ನಾನು ಮಾತಾಡಿದರೆ ಕನ್ನಡ ರೇಡಿಯೋ ಹಾಕಿದ ಹಾಗಿದೆ ಎನ್ನುತ್ತಾರೆ. ತವರಿಗೆ ಹೋದರೆ ನಮ್ಮಣ್ಣನ ಮಕ್ಕಳು ‘ಅತ್ತೆ ತಮಿಳು ಮಾತಾಡ್ತಾರೆ’ ಎಂದು ನಗುತ್ತಾರೆ. ಎರಡು ಕಡೆಯೂ ಒಂದಿಷ್ಟು ನಗೆಗೆ ಕಾರಣವಾಗುವುದು ಕೂಡ ಒಂದು ಸೇವೆಯೇ. ಕೆಲಸ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ. ಹೊಲಿದು ಬಂದ ಬಟ್ಟೆಯಲ್ಲಿ ತೂತು, ಕಲೆ, ಬಿಟ್ಟ ಹೊಲಿಗೆ ಹುಡುಕಿ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವವಳು ನಾನು. ಇದೊಂದು ಕೆಟ್ಟ ಚಟ. ಮದುವೆ ಮನೆಯಲ್ಲಿ ಮದುಮಗನ ಅಂಗಿಯ ಕಾಲರು ಓರೆಯಾಗಿರುವುದು ನನಗೆ ಮಾತ್ರ ಕಾಣುತ್ತದೆ, ಕಂಡ ಮೇಲೆ ಊಟ ಸೇರುವುದಿಲ್ಲ.

ಮೊದಲ ಗಿಡ ಸಿಕ್ಕಿದ್ದೂ ಈ ಚಟದಿಂದಲೇ. ಕಂಪನಿಗೆ ಸುಣ್ಣ ಬಳಿಯುವಾಗ ಕಚೇರಿ ಮುಂದಿದ್ದ ಕುಂಡಗಳನ್ನೆಲ್ಲ ಗೋಡೆಯ ಹಿಂದೆ ಎಸೆದಿದ್ದರು. ಅದರಲ್ಲಿ ಒಂದು ಗೇಣುದ್ದದ ಗಿಡ. ಕಡುಹಸಿರು ಎಲೆಯ ತುಂಬ ಬಿಳಿ ಚುಕ್ಕೆ. ಕಲೆ ಎಂದುಕೊಂಡು ಬೆರಳಲ್ಲಿ ಉಜ್ಜಿದೆ, ಹೋಗಲಿಲ್ಲ. ಬಗ್ಗಿ ನೋಡಿದರೆ ಆ ಚುಕ್ಕೆಗಳು ಸಾಲುಸಾಲಾಗಿ, ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ಕೂತಿದ್ದವು. ನಮ್ಮ ಪ್ರಿಂಟಿಂಗ್ ವಿಭಾಗದವರು ಅಷ್ಟು ಸಮನಾಗಿ ಎಂದೂ ಹೊಡೆದದ್ದಿಲ್ಲ. ಅಂಟಿಸುವುದಕ್ಕೆ ಒಂದು ಬಾಣವೂ ಇಲ್ಲದ ವಸ್ತುವನ್ನು ಜೀವನದಲ್ಲಿ ಮೊದಲ ಸಲ ನೋಡಿದೆ. ಅವತ್ತು ಸಂಜೆ ವ್ಯಾನಿನಲ್ಲಿ ಅದು ನನ್ನ ಮಡಿಲಲ್ಲಿ ಸಿಂಗಾನಲ್ಲೂರಿಗೆ ಬಂತು. ಮೂರೇ ವಾರಕ್ಕೆ ಸತ್ತಿತು.

ದಿನವೂ ನೀರು ಹಾಕಿದ್ದೆ. ಪೊಳ್ಳಾಚಿಯ ತೆಂಗಿನ ನಾರಿನ ಪುಡಿ ತುಂಬಿದ ಕುಂಡ, ಅದರ ಮೇಲೆ ದಿನಕ್ಕೊಂದು ಚೊಂಬು ನೀರು. ಗಿಡ ಕೆಸುವಿನ ಸೊಪ್ಪು ಬೇಯಿಸಿದ ಹಾಗೆ ಕೊಳೆತು ಕೂತಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಆಮೇಲೆ ಬುದ್ಧಿ ಬಂತು. ಇಟ್ಟಿಗೆ ಚೂರು, ದಪ್ಪ ಮರಳು, ಇದ್ದಿಲು, ಒಂದು ಹಿಡಿ ಹಳೆಯ ಗೊಬ್ಬರ ಸೇರಿಸಿ, ಮೇಲೆ ಸುರಿದ ನೀರು ಮೂರು ಎಣಿಸುವುದರೊಳಗೆ ಕೆಳಗಿನ ತೂತಿನಿಂದ ಓಡಿಹೋಗುವ ಹಾಗೆ ಮಾಡುವುದನ್ನು ಕಲಿತೆ. ಪಾಲಕ್ಕಾಡಿನ ಕಣಿವೆಯಿಂದ ಬೀಸುವ ಆಡಿ ತಿಂಗಳ, ನಮ್ಮ ಆಷಾಢದ, ಗಾಳಿ ಇವಕ್ಕೆ ಬಹಳ ಇಷ್ಟ. ಒಣಗಲು ಹಾಕಿದ ಸೀರೆ ಪಕ್ಕದ ಬೀದಿಗೆ ಹಾರಿಹೋದರೂ ಗಿಡಗಳು ಮಾತ್ರ ಕಲ್ಲಿನ ಹಾಗೆ ಕೂತಿರುತ್ತವೆ. ಹೀಗೆ ಒಂದು ಎರಡಾಗಿ, ಎರಡು ನಲವತ್ತಾಗಿ, ನಮ್ಮ ಮಹಡಿಯಲ್ಲಿ ಬಟ್ಟೆ ಒಣಗಿಸಲು ಜಾಗವಿಲ್ಲದಂತಾಯಿತು.

ಆ ನಲವತ್ತರಲ್ಲಿ ನನ್ನ ಪ್ರಾಣ ಇದ್ದದ್ದು ಒಂದರಲ್ಲಿ. ಹವಳದ ಅಲೋ ಎನ್ನುತ್ತಾರೆ, ಅಲೋ ಎಂದರೆ ಲೋಳೆಸರವೇ. ಬೇರೆಯವಕ್ಕೆ ಅಂಚಿನಲ್ಲಿ ಮುಳ್ಳಿರುತ್ತದೆ, ಇದಕ್ಕಿಲ್ಲ. ಅಗಲವಾದ ಬೂದುಹಸಿರು ಎಲೆ, ಅದರ ಸುತ್ತ ಎಳೆದಂತೆ ಸಣ್ಣ ಹವಳದ ಬಣ್ಣದ ಅಂಚು. ಊಟಿ ರಸ್ತೆಯ ನರ್ಸರಿಯಲ್ಲಿ ಅಂಗೈಯಗಲ ಇದ್ದಾಗ ತಂದು ಆರು ವರ್ಷ ಸಾಕಿದ್ದೆ. ಇದರ ಒಂದು ಗುಣವೆಂದರೆ ಉಳಿದವುಗಳ ಹಾಗೆ ಬುಡದಲ್ಲಿ ಮರಿ ಹಾಕುವುದಿಲ್ಲ. ಒಂಟಿ ಗಿಡ. ಹೋದರೆ ಹೋಯಿತು.

ನಮ್ಮ ಅತ್ತೆಗೆ ಈ ಗಿಡಗಳೆಂದರೆ ಅಷ್ಟಕ್ಕಷ್ಟೆ. ಅವರಿಗೆ ಎಪ್ಪತ್ತಾರು ವರ್ಷ. ಮಂಡಿ ನೋವು. ಮಾತು ಕಡಿಮೆ, ಹೊಗಳಿಕೆಯಂತೂ ಇಲ್ಲವೇ ಇಲ್ಲ. ಮದುವೆಯಾದ ಹೊಸದರಲ್ಲಿ ನಾನು ಮಾಡಿದ ಸಾರಿಗೆ ಅವರು ಕೊಟ್ಟ ಅತಿ ದೊಡ್ಡ ಬಿರುದು ‘ಪರವಾಗಿಲ್ಲೆ’. ಆ ವರ್ಷ ದೀಪಾವಳಿ ಕಳೆದ ಮೇಲೆ ಅಣ್ಣನ ಮಗಳ ಮದುವೆಗೆಂದು ನಾನು ಹತ್ತು ದಿನ ಕೊಳ್ಳೇಗಾಲಕ್ಕೆ ಹೋದೆ. ಐಪ್ಪಸಿ ತಿಂಗಳ ಮಳೆ ಬಿಟ್ಟುಬಿಟ್ಟು ಸುರಿಯುತ್ತಿತ್ತು. ಗಿಡಗಳನ್ನು ತಗಡಿನ ಕೆಳಗೆ ಸರಿಸಿ ಹೋಗಿದ್ದೆ. ಬಂದವಳೇ ಬ್ಯಾಗು ಹಿಡಿದುಕೊಂಡೇ ಮಹಡಿ ಹತ್ತಿದೆ. ಹವಳದ ಗಿಡದ ಕುಂಡ ಒದ್ದೆ. ಕೆಳಗಿನ ಎಲೆಯನ್ನು ಮುಟ್ಟಿದರೆ ಮೆತ್ತಗೆ ಕೈಗೇ ಕಿತ್ತುಬಂತು.

“ಯಾರು ನೀರು ಹಾಕಿದ್ದು?” ಎಂದು ಮೇಲಿನಿಂದಲೇ ಕೂಗಿದೆ.

ಅತ್ತೆ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. “ನಾನೇ. ನೀನು ಊರಲ್ಲಿ ಇಲ್ಲೆ. ಗಿಡ ವಾಡಿ ಹೋಗಬಾರದು ಅಂತ ದಿನಾ ಒಂದು ಸೊಂಬು ಹಾಕ್ದೆ.”

“ಇದಕ್ಕೆ ನೀರು ಹಾಕಬಾರದು ಅಂತ ಎಷ್ಟು ಸಲ ಹೇಳಿದೀನಿ? ಗೊತ್ತಿಲ್ಲದ ಮೇಲೆ ಕೈ ಯಾಕೆ ಹಾಕ್ತೀರಿ ಅತ್ತೆ? ನಿಮ್ಮ ಕೈ ತಾಗಿತು, ಗಿಡ ಸತ್ತಿತು.”

ಅವರು ಬಂದ ಹಾಗೇ ಗೋಡೆ ಹಿಡಿದು ಇಳಿದುಹೋದರು. ರಾತ್ರಿ ಊಟಕ್ಕೆ ಕೂತಾಗ ನಮ್ಮವರು ತಟ್ಟೆ ನೋಡಿಕೊಂಡು ಹೇಳಿದರು, “ಹತ್ತು ದಿನಾನೂ ಅವ್ವನೇ ಹದಿನೆಂಟು ಮೆಟ್ಟಿಲು ಹತ್ತಿದ್ರು. ನಾನು ಹಾಕ್ತೀನಿ ಅಂದ್ರೆ ಬೇಡ, ಅವಳು ನನ್ನ ನಂಬಿ ಹೋಗಿದಾಳೆ ಅಂದ್ರು.” ನಾನು ಅವರನ್ನು ನಂಬಿಯೂ ಹೋಗಿರಲಿಲ್ಲ, ಹೇಳಿಯೂ ಹೋಗಿರಲಿಲ್ಲ. ನನ್ನ ಮೊದಲ ಮೂರು ಗಿಡಗಳನ್ನು ನಾನೇ ನೀರು ಹೊಯ್ದು ಕೊಂದಾಗ ಆ ಕೊಳೆತ ಲೋಳೆಯನ್ನು ಒಂದು ಮಾತೂ ಆಡದೆ ಗುಡಿಸಿ ಎಸೆದವರು ಇದೇ ಅತ್ತೆ. ಅದು ನೆನಪಾಯಿತು. ನೆನಪಾದರೂ ಎದ್ದು ಹೋಗಿ ತಪ್ಪಾಯಿತು ಎನ್ನಲಿಲ್ಲ. ಇಂಥ ವಿಷಯದಲ್ಲಿ ನಾನು ನಾಳೆ ಎನ್ನುವವಳು.

ನಾಳೆ ಎಂಬುದು ಎರಡು ತಿಂಗಳಾಯಿತು. ಅತ್ತೆ ಮಹಡಿಗೆ ಬರುವುದನ್ನು ಬಿಟ್ಟರು. ಅನ್ನ ಆಯಿತು, ವ್ಯಾನ್ ಬಂತು, ಹಾಲಿನವನು ಬಂದ ಎಂಬಷ್ಟಕ್ಕೆ ಮಾತು ನಿಂತಿತು. ನಾನು ಗಿಡವನ್ನು ಕುಂಡದಿಂದ ಕಿತ್ತು, ಕೊಳೆತ ಭಾಗವನ್ನು ಚಾಕುವಿನಿಂದ ಕೆತ್ತಿ, ಅರಿಸಿನ ಮತ್ತು ಇದ್ದಿಲ ಪುಡಿ ತುಂಬಿ, ನೆರಳಲ್ಲಿ ಒಣಗಿಸಿ, ಒಣ ಇಟ್ಟಿಗೆ ಚೂರಿನ ಮೇಲೆ ಕೂರಿಸಿದೆ. ಬೇರು ಒಂದೇ ಮಗ್ಗುಲಲ್ಲಿ ಉಳಿದಿತ್ತು. ಬದುಕುವುದಿಲ್ಲ ಎಂದು ಗೊತ್ತಾಯಿತು. ಆಗ, ಮಾರ್ಗಳಿ ತಿಂಗಳ ಚಳಿಯಲ್ಲಿ ಒಂದು ಬೆಳಿಗ್ಗೆ ನೋಡಿದರೆ, ಆರು ವರ್ಷದಲ್ಲಿ ಒಮ್ಮೆಯೂ ಹೂ ಬಿಡದ ಆ ಗಿಡದ ನಡುವಿನಿಂದ ಒಂದು ಹೂದಂಟು ಎದ್ದಿತ್ತು.

ಹೂ ಬಿಟ್ಟರೆ ಬೀಜವಾಗಬಹುದು. ಆದರೆ ಈ ಜಾತಿಗೆ ತನ್ನದೇ ಪರಾಗ ಹಿಡಿಯುವುದಿಲ್ಲ, ಬೇರೆ ಗಿಡದ್ದು ಬೇಕು. ನಮ್ಮ ಕಡೆಯ ಗಿಡದ ಹುಚ್ಚರದ್ದೊಂದು ಫೋನ್ ಗುಂಪಿದೆ. ಅದರಲ್ಲಿ ಹವಳದ ಅಲೋ ಇದ್ದ ಇನ್ನೊಬ್ಬರು ತುಡಿಯಲೂರಿನ ವೇಲುಸಾಮಿ ಸಾರ್ ಮಾತ್ರ. ಲೇತ್ ವರ್ಕ್‌ಶಾಪ್ ನಡೆಸಿ, ಈಗ ಅದನ್ನು ತಮ್ಮನಿಗೆ ಬಿಟ್ಟು ಗಿಡದ ಜೊತೆ ಕೂತವರು. ಎರಡು ವರ್ಷದಿಂದ ನಾವು ಗುಂಪಿನಲ್ಲಿ ತಮಿಳಿನಲ್ಲಿ ಜಗಳವಾಡುತ್ತಾ ಬಂದಿದ್ದೆವು, ಮರಳು ದಪ್ಪ ಇರಬೇಕೋ ಸಣ್ಣ ಇರಬೇಕೋ ಎಂಬ ಘನ ವಿಷಯಕ್ಕೆ. ಫೋನ್ ಮಾಡಿದೆ. ಅವರದೂ ಮೊಗ್ಗು ಬಿಟ್ಟಿದೆಯಂತೆ, ಹೂ ಅರಳಿದಾಗ ಬನ್ನಿ ಎಂದರು.

ಪೊಂಗಲ್ ಆದ ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋದೆ. ಗೇಟಿನ ಬಳಿ ನಿಂತು ಸಾರ್‌ಗೆ ತಮಿಳಿನಲ್ಲಿ ನಮಸ್ಕಾರ ಹೇಳುತ್ತಿದ್ದೇನೆ, ಒಳಗಿನಿಂದ ಅವರ ಹೆಂಡತಿಯ ದನಿ, “ಯಾರುಂಗ ಬಂದಿರೋದು? ಕೂರಕ್ಕೆ ಹೇಳಿ!” ಎಂದಿತು.

ನಾನು ಕನ್ನಡಕ್ಕೆ ಹೊರಳಿದೆ. “ನೀವು ಕನ್ನಡದವರಾ?”

“ನೀವೂನಾ?” ವೇಲುಸಾಮಿ ಸಾರ್ ಕನ್ನಡಕ ತೆಗೆದು ನನ್ನನ್ನು ಹೊಸದಾಗಿ ನೋಡಿದರು. “ಎರಡು ವರ್ಷ ನನ್ನ ಜೊತೆ ತಮಿಳಲ್ಲೇ ಜಗಳ ಹಾಕಿದಿರಲ್ಲಮ್ಮ! ನಾವು ವ್ಯವಸಾಯದವರುಂಗ. ತಾತನ ತಾತ ಕಾಲದಿಂದ ಇಲ್ಲೇ. ಮನೇಲಿ ಇದೇ ಮಾತು.”

ಅವರ ಕನ್ನಡ ನಮ್ಮ ಅತ್ತೆಯದರ ಹಾಗೂ ಇರಲಿಲ್ಲ, ನನ್ನದರ ಹಾಗೂ ಇರಲಿಲ್ಲ. ಆದರೂ ಮೂವರೂ ಎರಡು ಗಂಟೆ ಹೊತ್ತು ಮರಳಿನ ಜಗಳವನ್ನು ಮೊದಲಿನಿಂದ ಕನ್ನಡದಲ್ಲಿ ಆಡಿದೆವು. ಕೊನೆಗೆ ಅವರು ಚಿಮಟದಲ್ಲಿ ಒಂದೊಂದೇ ಕೇಸರವನ್ನು ಬಿಡಿಸಿ, ಬೆಣ್ಣೆಕಾಗದದಲ್ಲಿ ಮಡಿಸಿ, ಸಣ್ಣ ಡಬ್ಬಿಯಲ್ಲಿಟ್ಟು ಕೊಟ್ಟರು. “ಫ್ರಿಜ್ಜಲ್ಲಿ ಇಡಿ. ಹೋದ ವರ್ಷ ಏರ್ಕಾಡಿನ ಸಿನೇಹಿತ ಪರಾಗ ಕಳಿಸಿದ್ರು, ನನ್ನ ಕೈಲಿ ಒಂದು ಕಾಯೂ ನಿಲ್ಲಲಿಲ್ಲೆ. ಲೇತಿಗೆ ಸರಿಯಾದ ಕೈ, ಇದಕ್ಕೆ ಆಗಲ್ಲೆ. ನಿಮ್ಮದು ನಿಂತ್ರೆ ನನಗೆ ಪಾತಿ ಕೊಡಬೇಕು.” ಪಾತಿ ಎಂದರೆ ಅರ್ಧ. ಒಪ್ಪಿದೆ.

ನಿಲ್ಲಬೇಕಲ್ಲ. ಈ ಹೂವು ಬೆರಳಿನ ಗೆಣ್ಣಿನಷ್ಟು ಉದ್ದದ ಸಣ್ಣ ಕೊಳವೆ. ಮೊದಲು ಕೇಸರ ಹೊರಗೆ ಬರುತ್ತದೆ, ಒಂದೆರಡು ದಿನ ಬಿಟ್ಟು ಕೂದಲೆಳೆಯಂಥ ಶಲಾಕೆ ಇಣುಕುತ್ತದೆ. ಅದರ ತುದಿಗೆ ಪರಾಗ ತಾಗಿಸಬೇಕು. ನಾನು ಬಣ್ಣದ ಕುಂಚ ತಂದೆ. ಒಂದು ದಿನ ಶಲಾಕೆಯನ್ನೇ ಮುರಿದೆ, ಒಂದು ದಿನ ಹೂವನ್ನೇ ಉದುರಿಸಿದೆ. ಮೂರನೆಯ ದಿನ ಎಲ್ಲ ಸರಿಯಾಗಿ ಮಾಡಿದೆ ಎಂದುಕೊಂಡೆ, ಮರುದಿನ ನೋಡಿದರೆ ಆ ಹೂಗಳೂ ನೆಲದ ಮೇಲಿದ್ದವು. ಮೈಲಿ ದೂರದ ಹೊಲಿಗೆ ತಪ್ಪು ಹುಡುಕುವವಳು, ಸರಿ ಮಾಡು ಎಂದರೆ ಹೀಗೆ.

ಆ ಸಂಜೆ ಅತ್ತೆ ಫ್ರಿಜ್ಜು ತೆರೆದರು. ಮೊಸರಿನ ಪಕ್ಕ ಡಬ್ಬಿ ಕಂಡು ಹೊರತೆಗೆದರು. “ಇದೇನು? ಮರುಂದಾ? ನಿನಗೆ ಮೈ ಸರಿ ಇಲ್ಲವಾ?”

ಔಷಧಿಯಲ್ಲ ಎಂದೆ. ಆಮೇಲೆ ಹೇಳಬೇಕಾಯಿತು. ಗಿಡ ಉಳಿಯುವುದಿಲ್ಲ ಎಂದು, ಹೂ ಬಿಟ್ಟಿದೆ ಎಂದು, ಈ ಪುಡಿ ಆ ಹೂವಿಗೆ ಸೇರಿದರೆ ಬೀಜವಾಗುತ್ತದೆ ಎಂದು. ಹೇಳುತ್ತಾ ಹೇಳುತ್ತಾ ಎರಡು ತಿಂಗಳ ಮಾತೂ ಬಂದುಬಿಟ್ಟಿತು. “ಅವತ್ತು ನಾನು ಹಾಗೆ ಅನ್ನಬಾರದಿತ್ತು ಅತ್ತೆ.”

ಅವರು ಬೆಣ್ಣೆಕಾಗದ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು, “ಇದನ್ನ ಎಲ್ಲಿ ಸೇರಿಸಬೇಕು?” ಎಂದರು.

“ಒಂದು ಎಳೆ ಇದೆ. ಕೂದಲಿಗಿಂತ ಸಣ್ಣದು. ಅದರ ತುದಿಗೆ. ಕುಂಚದಲ್ಲಿ ಮಾಡಿದೆ, ಆಗಲಿಲ್ಲ.”

“ಎಳೆಗೆ ಎಳೆ ಸೇರಿಸೋಕ್ಕೆ ಬಣ್ಣ ಬಳಿಯೋ ಕುಂಚ ಹಿಡಿದಿಯಾ?” ಎಂದು ನಕ್ಕರು. ಅವರು ನಕ್ಕು ಎರಡು ತಿಂಗಳಾಗಿತ್ತು.

ಇಲ್ಲಿ ನಮ್ಮ ಅತ್ತೆಯ ಕೆಲಸದ ಬಗ್ಗೆ ಹೇಳಬೇಕು. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಹಾಕಿದ ನೂಲು, ಮುಗಿದಾಗ ಹಳೆಯ ಹಾಸಿನ ಪ್ರತಿಯೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಹೊಸೆದು ಸೇರಿಸಬೇಕು. ಇಲ್ಲಿ ಅದನ್ನು ಪಿಣೆಯುವುದು ಎನ್ನುತ್ತಾರೆ. ಬೆರಳಿಗೆ ಚೂರು ಬೂದಿ ತಾಗಿಸಿ, ಎರಡು ಎಳೆ ಹಿಡಿದು, ಒಂದು ತಿರುಪು. ಗಂಟಿಲ್ಲ. ಒಂದು ಸೀರೆಯ ಹಾಸಿಗೆ ಇಂಥವು ಸಾವಿರಗಟ್ಟಲೆ. ಒಂದು ಬಿಟ್ಟರೂ ಸೀರೆಯುದ್ದಕ್ಕೂ ಗೀರು ಬೀಳುತ್ತದೆ. ಹದಿನಾಲ್ಕನೆಯ ವಯಸ್ಸಿನಿಂದ ಮಂಡಿ ಸೋಲುವವರೆಗೆ, ಸುತ್ತಲಿನ ಮಗ್ಗದ ಮನೆಗಳಿಗೆಲ್ಲ ಹೋಗಿ ಇವರು ಮಾಡಿದ್ದು ಇದೇ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಸೊಸೆಯಾಗಿ ಬಂದಾಗಿನಿಂದ ಗೊತ್ತಿದ್ದೂ, ಆ ಬೆರಳುಗಳನ್ನು ನೋಡುತ್ತಲೇ ಇದ್ದೂ, ನನಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಹದಿನೆಂಟು ಮೆಟ್ಟಿಲು ಹತ್ತಿದರು. ಮಣೆ ಹಾಕಿಕೊಂಡು ಗಿಡದ ಮುಂದೆ ಕೂತು ಬಹಳ ಹೊತ್ತು ಸುಮ್ಮನೆ ನೋಡಿದರು. “ಕರೆ ಚೆನ್ನಾಗಿದೆ” ಎಂದರು. ಎಲೆಯ ಅಂಚಿಗೆ ಅವರು ಕೊಟ್ಟ ಹೆಸರು ಸೀರೆಯ ಅಂಚಿನದು. ಆಮೇಲೆ ಎಡಗೈಯಲ್ಲಿ ಹೂವನ್ನು ಹಿಡಿದರೋ ಇಲ್ಲವೋ ಎಂಬಷ್ಟು ಹಗುರವಾಗಿ ಹಿಡಿದು, ಬಲಗೈಯ ಎರಡು ಉಗುರಿನ ನಡುವೆ ಒಂದು ಕೇಸರ ತೆಗೆದುಕೊಂಡು, ತುದಿಗೆ ಒಮ್ಮೆ ತಾಗಿಸಿದರು. ಅಷ್ಟೇ. ತಾಗಿದ್ದು ನನಗೆ ಕಾಣಲೇ ಇಲ್ಲ. ತಾಗಿಸಿದ ಹೂವಿಗೆ ಗುರುತೆಂದು ಕೆಂಪು ನೂಲಿನ ಎಳೆ ಸುತ್ತಿದರು. “ಮುಂದಿನದು ಯಾವುದು, ತೋರಿಸು” ಎಂದರು.

ಒಂಬತ್ತು ಬೆಳಿಗ್ಗೆ ಹೀಗೆ ನಡೆಯಿತು. ನಾನು ಕನ್ನಡಕ ಹಾಕಿಕೊಂಡು ಅರಳಿದ ಹೂ ಹುಡುಕುವವಳು, ಅವರು ಕನ್ನಡಕ ಬಿಚ್ಚಿಟ್ಟು ಬೆರಳಿನಿಂದಲೇ ನೋಡುವವರು. ವ್ಯಾನ್ ಎರಡು ದಿನ ತಪ್ಪಿತು, ಸೂಪರ್‌ವೈಸರ್‌ಗೆ ಹೇಳಿದ ಸುಳ್ಳನ್ನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಕಾಯುವುದು. ನಾನು ಮಾಡಿದ ಹೂಗಳೆಲ್ಲ ಉದುರಿದ್ದವು. ಕೆಂಪು ನೂಲಿನ ಹೂಗಳೂ ಕೆಲವು ಉದುರಿದವು. ಉಳಿದವುಗಳ ಬುಡ ವಾರ ಕಳೆಯುವಷ್ಟರಲ್ಲಿ ಸಣ್ಣ ಹಸಿರು ಗುಂಡಾಗಿ ಉಬ್ಬಿತು. ಅತ್ತೆಯನ್ನು ಕೂಗಿದೆ. ಅವರು ಬಂದು ನೋಡಿ, “ಪರವಾಗಿಲ್ಲೆ” ಎಂದರು.

ಗಿಡ ಮಾತ್ರ ದಿನದಿನಕ್ಕೆ ಕುಗ್ಗಿತು. ತನ್ನಲ್ಲಿದ್ದ ನೀರನ್ನೆಲ್ಲ ಮೇಲಿನ ಕಾಯಿಗಳಿಗೆ ಕಳಿಸುತ್ತಿತ್ತೋ ಏನೋ, ದಪ್ಪ ಎಲೆಗಳು ಹಪ್ಪಳದ ಹಾಗೆ ಒಣಗಿದವು. ಕಾಯಿ ಬಲಿಯುವ ಮುಂಚೆ ದಂಟು ಒಣಗಿದರೆ ಎಲ್ಲವೂ ವ್ಯರ್ಥ. ಕಾಯಿ ಒಡೆದು ಬೀಜ ಗಾಳಿಗೆ ಹಾರದಿರಲೆಂದು ಕಂಪನಿಯಿಂದ ತೆಳ್ಳನೆಯ ಬನಿಯನ್ ಬಟ್ಟೆಯ ತುಂಡು ತಂದು ಚೀಲ ಹೊಲಿದು ದಂಟಿಗೆ ಹೊದಿಸಿದೆ. ದಿನಾ ಬೆಳಿಗ್ಗೆ ನನಗಿಂತ ಮೊದಲು ಅತ್ತೆ ಮೇಲಿರುತ್ತಿದ್ದರು. ನೀರು ಹಾಕುತ್ತಿರಲಿಲ್ಲ, ಚೀಲವನ್ನು ಬೆರಳಿನಿಂದ ಒತ್ತಿ ನೋಡಿ, “ಇನ್ನೂ ಹಸಿ” ಎಂದು ಹೇಳಿ ಇಳಿಯುತ್ತಿದ್ದರು. ಬಿಸಿಲು ಸುಡತೊಡಗಿದ ಪಂಗುನಿ ತಿಂಗಳಲ್ಲಿ ಒಂದು ದಿನ, “ಒಣಗಿದೆ ಕಣ್ಣು, ಒಳಗೆ ಸದ್ದು ಬರುತ್ತೆ” ಎಂದರು. ಕಣ್ಣು ಎಂಬುದು ಇಲ್ಲಿ ಮಗಳನ್ನು ಕರೆಯುವ ಮುದ್ದಿನ ಮಾತು. ಅಷ್ಟು ಹೊತ್ತಿಗೆ ಗಿಡ ಬುಡ ಬಿಟ್ಟು ಒಂದು ಮಗ್ಗುಲಿಗೆ ವಾಲಿತ್ತು. ಚೀಲದೊಳಗೆ ರೆಕ್ಕೆಯ ಹಾಗೆ ಅಂಚಿದ್ದ ಬೂದುಕಪ್ಪು ಬೀಜಗಳು ಒಂದು ಹಿಡಿ.

ಒಪ್ಪಂದದ ಪ್ರಕಾರ ವೇಲುಸಾಮಿ ಸಾರ್‌ಗೆ ಫೋನ್ ಮಾಡಿದೆ. ಎಲ್ಲ ಕೇಳಿ, “ಬೀಜ ಕಳಿಸಬೇಡಿ. ಅವರೇ ಬಿತ್ತಲಿ, ಅವರ ಕೈ ರಾಸಿಯಾದ ಕೈ, ಅದೃಷ್ಟದ ಕೈ. ನನಗೆ ಮೊಳಕೆ ಬಂದ ಮೇಲೆ ಕೊಡಿ” ಎಂದರು. ಅತ್ತೆಗೆ ಇದನ್ನು ಹೇಳಿದಾಗ ಅವರು ಏನೋ ಕೆಲಸವಿರುವವರ ಹಾಗೆ ಅಡುಗೆಮನೆಗೆ ಹೋದರು. ಕೂಡಲೇ ಹಿಂದಿರುಗಿ, “ಎಷ್ಟು ನೀರು ಹಾಕಬೇಕು? ಈಗಲೇ ಸರಿಯಾಗಿ ಹೇಳಿಬಿಡು” ಎಂದರು.

ಬಿತ್ತಿದ ಹದಿನೈದು ದಿನಕ್ಕೆ ಟ್ರೇ ತುಂಬ ಹುಲ್ಲಿನೆಳೆಯಂಥ ಮೊಳಕೆ ಎದ್ದವು. ಎರಡು ವರ್ಷವಾದ ಮೇಲೆ, ಕಳೆದ ತಿಂಗಳು, ವೇಲುಸಾಮಿ ಸಾರ್ ಹೆಂಡತಿಯೊಂದಿಗೆ ತಮ್ಮ ಪಾತಿ ತೆಗೆದುಕೊಂಡು ಹೋಗಲು ಬಂದರು. ಗಿಡಗಳು ಅಂಗೈಯಗಲವಾಗಿವೆ. ಬಿಸಿಲಿಗೆ ಇಟ್ಟವುಗಳಲ್ಲಿ ಅಂಚು ಆಗಲೇ ಕೆಂಪೇರಿದೆ. ಅವರು ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದರು. ನಮ್ಮ ಗುಂಪಿನಲ್ಲಿ ಒಂದು ರೂಢಿ ಇದೆ. ಬೀಜದಿಂದ ಬೆಳೆಸಿದ ಗಿಡದ ಕುಂಡಕ್ಕೆ ಚುಚ್ಚುವ ಹೆಸರಿನ ಪಟ್ಟಿಯ ಮೇಲೆ, ತಾಯಿಗಿಡ ಯಾರದು, ಪರಾಗ ಯಾರದು, ಕೂಡಿಸಿದ ಕೈ ಯಾರದು ಎಂದು ಬರೆಯುತ್ತಾರೆ. ಸುಳ್ಳು ಯಾಕೆ ಹೇಳಲಿ, ಗಿಡದ ಪಟ್ಟಿಯ ಮೇಲೆ ನನ್ನ ಹೆಸರಿರುವುದನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. ಪೆನ್ನು ಕೈಯಲ್ಲಿತ್ತು. ಪ್ಲಾಸ್ಟಿಕ್ ಪಟ್ಟಿಯ ಒಂದು ಬದಿಗೆ ತಮಿಳಿನಲ್ಲಿ ಎಲ್ಲ ವಿವರ ಬರೆದು, ಕೆಳಗೆ ‘ಕೂಡಿಸಿದವರು’ ಎಂದು ಅತ್ತೆಯ ಹೆಸರು ಬರೆದೆ. ಇನ್ನೊಂದು ಬದಿ ಖಾಲಿ ಇತ್ತು. ಅಲ್ಲಿ ಅದೇ ಹೆಸರನ್ನು ಕನ್ನಡದಲ್ಲಿ ಬರೆದೆ.

ಅತ್ತೆ ಮೂರನೆಯ ಕ್ಲಾಸಿನವರೆಗೆ ತಮಿಳು ಓದಿದವರು. ಪಟ್ಟಿ ಹಿಡಿದು ಅಕ್ಷರ ಕೂಡಿಸಿಕೊಂಡು ಓದಿದರು. “ಕವುರಮ್ಮಾಳ್.” ರೇಷನ್ ಕಾರ್ಡಿನಿಂದ ಹಿಡಿದು ಬ್ಯಾಂಕಿನ ಪುಸ್ತಕದವರೆಗೆ ಎಲ್ಲೆಲ್ಲೂ ಅವರು ಹಾಗೇ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಆಸ್ಪತ್ರೆಯಲ್ಲಿ ಕೂಗುವವರು ಕವುರಮ್ಮಾಳ್ ಎಂದೇ ಕೂಗುತ್ತಾರೆ. ಪಟ್ಟಿ ತಿರುಗಿಸಿದರು. “ಇದೇನು ಬರೆದಿದಿಯೆ?”

“ಅದೂ ನಿಮ್ಮ ಹೆಸರೇ ಅತ್ತೆ. ನಮ್ಮ ಎಳುತ್ತಲ್ಲಿ, ಕನ್ನಡದ ಅಕ್ಷರದಲ್ಲಿ.”

“ಓದು.”

“ಗೌರಮ್ಮ.”

ವೇಲುಸಾಮಿ ಸಾರ್ ಮತ್ತು ಅವರ ಹೆಂಡತಿ ಕೂಡ ಬಗ್ಗಿ ನೋಡಿದರು. ಅವರಿಗೂ ಓದಲು ಬರುವುದಿಲ್ಲ. ಮನೆಯೊಳಗೆ ಹುಟ್ಟಿದಾಗಿನಿಂದ ಈ ಭಾಷೆಯನ್ನೇ ಆಡಿದ ಮೂರು ಜನ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತುವರಿದು ನಿಂತಿದ್ದರು. ಅತ್ತೆ ಮೊದಲ ಅಕ್ಷರದ ಮೇಲೆ ಬೆರಳಿಟ್ಟರು.

“ಇದು ‘ಗ’ನಾ?”

“ಹೂಂ. ಗೌ.”

“ಇದರಲ್ಲಿ ಸರಿಯಾಗಿ ಬಂದಿದೆ” ಎಂದರು. ಆ ದುಂಡಗಿನ ಅಕ್ಷರಗಳನ್ನು ಇನ್ನೊಮ್ಮೆ ಬೆರಳಿನಿಂದ ಸವರಿ, ಬಗ್ಗಿ, ಪಟ್ಟಿಯನ್ನು ಅತಿ ದೊಡ್ಡ ಗಿಡದ ಕುಂಡದಲ್ಲಿ ಚುಚ್ಚಿದರು. ಕನ್ನಡದ ಬದಿ ಮೆಟ್ಟಿಲ ಕಡೆಗೆ, ಮೇಲೆ ಬರುವವರಿಗೆ ಎದುರಾಗಿ ಕಾಣುವ ಹಾಗೆ.

“ಅತ್ತೆ, ಆ ಕಡೆ ತಿರುಗಿಸಿದ್ರೆ ಇಲ್ಲಿ ಯಾರಿಗೂ ಓದೋಕ್ಕೆ ಬರಲ್ಲ.”

“ಬರದೇ ಇದ್ರೆ ಕೇಳ್ತಾರಲ್ಲ” ಎಂದರು ಗೌರಮ್ಮ. “ಕೇಳಲಿ. ನಾನು ಹೇಳ್ತೀನಿ.”